ವಿಂಡೋಸ್‌ನ ತಾತ್ಕಾಲಿಕ ಕಡತಗಳಿಗೆ ಡಿಸ್ಕ್ ಕ್ಲೀನಪ್ಪೋ, ಸ್ಟೋರೇಜ್ ಸೆನ್ಸೋ?

ಸಿ ಡ್ರೈವ್ ತುಂಬಿ ಕೆಂಪು ಪಟ್ಟಿ ಕಾಣಿಸಿದ ಕೂಡಲೇ ಹೊರಗಿನ ಕ್ಲೀನರ್ ಹುಡುಕಬೇಕಿಲ್ಲ. ವಿಂಡೋಸ್ 10 ಮತ್ತು 11ರಲ್ಲೇ ದಾರಿಗಳಿವೆ.

ಡಿಸ್ಕ್ ಕ್ಲೀನಪ್ ಹಳೆಯದು, ವಿಂಡೋಸ್ 98ರ ಕಾಲದ್ದು. ನೀವೇ ತೆರೆಯಬೇಕು, ನೀವೇ ಗುರುತು ಹಾಕಬೇಕು. ನನಗೆ ಹಿಡಿಸುವುದೂ ಅದೇ: ಏನು ಹೋಗುತ್ತದೆ, ಎಷ್ಟು ಜಾಗ ಸಿಗುತ್ತದೆ ಎಂಬುದು ಸಾಲುಸಾಲಾಗಿ ಕಣ್ಣೆದುರಿಗಿರುತ್ತದೆ. 'ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್' ಒತ್ತಿದರೆ ಹಳೆಯ ಅಪ್‌ಡೇಟ್‌ಗಳ ಉಳಿಕೆಯೂ ಪಟ್ಟಿಗೆ ಬರುತ್ತದೆ. ಹೆಚ್ಚು ಜಾಗ ಸಿಗುವುದು ಸಾಮಾನ್ಯವಾಗಿ ಇಲ್ಲೇ. ಹಿಂದಿನ ವಿಂಡೋಸ್ ಇನ್‌ಸ್ಟಾಲೇಷನ್ ಎಂಬ ಸಾಲಿಗೆ ಮಾತ್ರ ಅವಸರ ಬೇಡ. ಅದನ್ನು ಅಳಿಸಿದ ಮೇಲೆ ಹಳೆಯ ಆವೃತ್ತಿಗೆ ಸುಲಭವಾಗಿ ಮರಳಲಾಗದು.

ಸ್ಟೋರೇಜ್ ಸೆನ್ಸ್ ಬಂದದ್ದು 2017ರಲ್ಲಿ. ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಚಾಲೂ ಮಾಡಿದರೆ ದಿನಕ್ಕೋ ವಾರಕ್ಕೋ ತಿಂಗಳಿಗೋ ಒಮ್ಮೆ ತಾನೇ ಗುಡಿಸುತ್ತದೆ. ಇದನ್ನೆಲ್ಲ ನೆನಪಿಟ್ಟು ಮಾಡಲಾಗದ ಹಿರಿಯರ ಕಂಪ್ಯೂಟರಿಗೆ ಇದೇ ಸರಿ. ಆದರೆ ಡೌನ್‌ಲೋಡ್ಸ್ ಫೋಲ್ಡರಿನ ಆಯ್ಕೆಯನ್ನು 'ನೆವರ್' ಎಂದೇ ಇಡಿ: ಬ್ಯಾಂಕ್ ಸ್ಟೇಟ್‌ಮೆಂಟ್, ಪಹಣಿ ಎಲ್ಲವೂ ಅಲ್ಲೇ ಬಿದ್ದಿರುತ್ತವೆ.

ತಾತ್ಕಾಲಿಕ ಕಡತಗಳು ಸೇರುವ ಟೆಂಪ್ ಫೋಲ್ಡರ್ ತೆರೆದು ಕೈಯಾರೆ ಅಳಿಸುವುದೂ ಉಂಟು. ಯಾವುದಾದರೂ ಕಡತ ಬಳಕೆಯಲ್ಲಿದೆ ಎಂಬ ಸೂಚನೆ ಬಂದರೆ 'ಸ್ಕಿಪ್' ಒತ್ತಿ ಮುಂದುವರಿಯಿರಿ.