ನೀರಿನ ಲೋಟದಲ್ಲಿ ಕಾಫಿಪುಡಿ: ಚಿಕ್ಕಮಗಳೂರಿನ ಆತ್ಮವಿವೇಚನೆ ಶಿಬಿರದ ಬಗ್ಗೆ

ಕಳೆದ ತಿಂಗಳು ಚಿಕ್ಕಮಗಳೂರಿನಲ್ಲಿ ನಡೆದ ಎರಡು ದಿನಗಳ ಆತ್ಮವಿವೇಚನೆ ಶಿಬಿರಕ್ಕೆ (ದೇವರ ಹೆಸರಿನಲ್ಲಿ ಬರುವ ಮಾತು ದೇವರದೋ ಅಲ್ಲವೋ ಎಂದು ತೂಗಿ ನೋಡಲು ಕಲಿಸುವ ಶಿಬಿರ) ಹಾಸನದಿಂದ ಬೇಲೂರು ಮಾರ್ಗದ ಬಸ್ಸು ಹಿಡಿದು ಹೋಗಲು ನನಗೊಂದು ಸ್ವಂತ ಕಾರಣವಿತ್ತು. ಮೂರು ವರ್ಷಗಳ ಹಿಂದೆ ಒಂದು ಪ್ರಾರ್ಥನಾ ಕೂಟಕ್ಕೆ ಬಂದಿದ್ದ ಬೋಧಕರೊಬ್ಬರು ಅಷ್ಟು ಜನರ ನಡುವಿನಿಂದ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಮೂರು ತಿಂಗಳೊಳಗೆ ನನ್ನ ಮಗನಿಗೆ ವಿದೇಶದಲ್ಲಿ ಕೆಲಸವಾಗುವುದನ್ನು ಕರ್ತನು ತಮಗೆ ತೋರಿಸಿದ್ದಾನೆಂದು ಹೇಳಿದ್ದರು. ಆ ಮಾತಿನ ಬಿಸಿ ಆರುವ ಮೊದಲೇ ನಾನು ಇಪ್ಪತ್ತು ಸಾವಿರ ರೂಪಾಯಿ ಕಾಣಿಕೆ ಕೊಟ್ಟಿದ್ದೆ. ಮಗ ಇಂದಿಗೂ ಹಾಸನದಲ್ಲಿಯೇ ಇದ್ದಾನೆ, ಸುಖವಾಗಿಯೇ ಇದ್ದಾನೆ. ಹೋದ ಹಣಕ್ಕಿಂತಲೂ, ನಲವತ್ತು ವರ್ಷ ಸತ್ಯವೇದವನ್ನು, ಅಂದರೆ ಬೈಬಲನ್ನು, ಓದಿದವನು ಅಂದು ಅದರ ಒಂದು ಹಾಳೆಯನ್ನೂ ತಿರುವಿ ನೋಡಲಿಲ್ಲವಲ್ಲ ಎಂಬುದು ನನ್ನನ್ನು ಹೆಚ್ಚು ಚುಚ್ಚಿತ್ತು.

ಶಿಬಿರದಲ್ಲಿ ಬೇರೆ ಬೇರೆ ಸಭೆಗಳಿಗೆ ಸೇರಿದ ಸುಮಾರು ನಲವತ್ತು ಮಂದಿ ಇದ್ದೆವು. ಮೊದಲ ಪಾಠವೇ ಊರಿಗೆ ತಕ್ಕದ್ದಾಗಿತ್ತು. ಬೋಧಿಸಿದ ಗುರುಗಳು ಎರಡು ಗಾಜಿನ ಲೋಟಗಳಲ್ಲಿ ತಣ್ಣೀರು ತುಂಬಿಸಿ, ಒಂದರ ಮೇಲೆ ಶುದ್ಧ ಕಾಫಿಪುಡಿಯನ್ನೂ ಇನ್ನೊಂದರ ಮೇಲೆ ಚಿಕೋರಿ ಬೆರೆತ ಪುಡಿಯನ್ನೂ ಉದುರಿಸಿದರು. ಕಾಫಿ ತೇಲಿತು, ಚಿಕೋರಿ ಕೆಲವೇ ಕ್ಷಣಗಳಲ್ಲಿ ಕಂದು ಬಣ್ಣದ ಗೆರೆಗಳನ್ನು ಬಿಡುತ್ತಾ ತಳಕ್ಕಿಳಿಯಿತು. ಕಾಫಿ ಸೀಮೆಯವರಿಗೆ ಇದು ಹೊಸತಲ್ಲ, ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಕಾಫಿಯ ಪಾಲು ಶೇ. 51ಕ್ಕಿಂತ ಕಡಿಮೆಯಾಗದಂತೆ ಚಿಕೋರಿ ಬೆರೆಸಿ, ಪೊಟ್ಟಣದ ಮೇಲೆ ಅದನ್ನು ಬರೆದು ಮಾರಲು ಕಾನೂನಿನ ಅಡ್ಡಿಯಿಲ್ಲ. ಬರೆಯದೆ ಮಾರಿದಾಗ ಮಾತ್ರ ಅದು ಮೋಸವೆಂದರು. ಬೋಧಕನೊಬ್ಬನು ತನ್ನ ಅನಿಸಿಕೆಯನ್ನು ಅನಿಸಿಕೆಯೆಂದೇ ಹೇಳಿದರೆ ಯಾರಿಗೂ ತೊಂದರೆಯಿಲ್ಲ, ಅದಕ್ಕೆ ಕರ್ತನ ವಾಕ್ಯವೆಂಬ ಚೀಟಿ ಅಂಟಿಸಿದಾಗ ಲೆಕ್ಕ ಬೇರೆಯಾಗುತ್ತದೆ ಎಂಬುದು ಅವರ ತಾತ್ಪರ್ಯ. ನನ್ನ ಇಪ್ಪತ್ತು ಸಾವಿರ ಎಲ್ಲಿ ಹೋಯಿತೆಂದು ನನಗೆ ಅಲ್ಲಿಯೇ ತಿಳಿಯಿತು.

ಇಡೀ ಶಿಬಿರದ ತಿರುಳು ಸತ್ಯವೇದದ ಅರಸುಗಳು ಮೊದಲನೆಯ ಪುಸ್ತಕದ 13ನೇ ಅಧ್ಯಾಯದ ಅಧ್ಯಯನದಲ್ಲಿತ್ತು. ಬೇತೇಲಿನಲ್ಲಿ ಅನ್ನನೀರು ಮುಟ್ಟಬಾರದು, ಬಂದ ದಾರಿಯಲ್ಲಿ ಮರಳಬಾರದು ಎಂಬ ಅಪ್ಪಣೆ ಪಡೆದು ಯೆಹೂದದಿಂದ ಬಂದ ದೇವರ ಮನುಷ್ಯನು, ಅರಸನಾದ ಯಾರೊಬ್ಬಾಮನು ಊಟಕ್ಕೆ ಕರೆದು ಬಹುಮಾನ ಕೊಡುತ್ತೇನೆಂದರೂ ಒಪ್ಪಲಿಲ್ಲ. ಅದೇ ಮನುಷ್ಯನು, ನಾನೂ ನಿನ್ನಂತೆಯೇ ಪ್ರವಾದಿ, ದೇವದೂತನು ನನ್ನೊಡನೆ ಮಾತನಾಡಿದ್ದಾನೆ ಎಂದು ಸುಳ್ಳಾಡಿದ ಮುದುಕನ ಮಾತಿಗೆ ಮರುಳಾಗಿ ಹಿಂದಿರುಗಿ ಉಂಡನು. ಮರಳುವ ದಾರಿಯಲ್ಲಿ ಸಿಂಹದ ಬಾಯಿಗೆ ಬಿದ್ದನು. ಅರಸನೆದುರು ಬಿಗಿಯಾಗಿ ನಿಂತವನು ತನ್ನವರೆಂದುಕೊಂಡವರೆದುರು ಸಡಿಲವಾದದ್ದೇಕೆ ಎಂಬ ಒಂದೇ ಪ್ರಶ್ನೆಯ ಮೇಲೆ ಎರಡು ಗಂಟೆ ಚರ್ಚೆ ನಡೆಯಿತು. ಒಮ್ಮೆಯೂ ಗಡಿಯಾರ ನೋಡಬೇಕೆನಿಸಲಿಲ್ಲ.

ಅಪೊಸ್ತಲರ ಕೃತ್ಯಗಳಲ್ಲಿ ಬರುವ ಫಿಲಿಪ್ಪಿ ಪಟ್ಟಣದ ದಾಸಿಯ ಪ್ರಸಂಗವೂ ಚೆನ್ನಾಗಿತ್ತು. ಇವರು ಪರಾತ್ಪರ ದೇವರ ದಾಸರು ಎಂದು ಅಪೊಸ್ತಲ ಪೌಲನ ಹಿಂದೆ ಅನೇಕ ದಿನ ಕೂಗುತ್ತಾ ಬಂದ ಆ ಹುಡುಗಿಯ ಮಾತು ಅಕ್ಷರಶಃ ನಿಜವೇ ಆಗಿತ್ತು; ಆದರೆ ಆಡಿಸುತ್ತಿದ್ದದ್ದು ಕಣಿ ಹೇಳುವ ಆತ್ಮ, ಲಾಭ ಎಣಿಸುತ್ತಿದ್ದವರು ಅವಳ ಯಜಮಾನರು. ಹೇಳಿದ್ದು ನಿಜವಾಯಿತೆಂಬ ಒಂದೇ ಕಾರಣಕ್ಕೆ ನಂಬಬಾರದೆಂಬುದಕ್ಕೆ ಧರ್ಮೋಪದೇಶಕಾಂಡದ 13ನೇ ಅಧ್ಯಾಯವನ್ನು ಇದರ ಜೊತೆಗಿಟ್ಟು ಓದಿಸಿದರು. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ ಕಾಲು ಮುರಿದು ಹಾಸಿಗೆ ಹಿಡಿದಿದ್ದ, ಮುಂದೆ ಯೇಸುಸಭೆಯನ್ನು ಕಟ್ಟಿದ ಲೊಯೋಲಾದ ಇಗ್ನೇಷಿಯಸ್, ಕೆಲವು ಯೋಚನೆಗಳು ಮೊದಲು ಸಿಹಿಯಾಗಿದ್ದು ಆಮೇಲೆ ಮನಸ್ಸನ್ನು ಒಣಗಿಸುತ್ತವೆ, ಕೆಲವು ನಂತರವೂ ಸಮಾಧಾನ ಉಳಿಸುತ್ತವೆ ಎಂದು ಗುರುತಿಸಿದ ಸಂಗತಿ ಮಾತ್ರ ಅರ್ಧ ಗಂಟೆಯಲ್ಲಿ ಮುಗಿದುಹೋಯಿತು. ಮನಸ್ಸು ಕುಗ್ಗಿರುವಾಗ ಹಿಂದಿನ ತೀರ್ಮಾನವನ್ನು ಬದಲಿಸಬೇಡಿ ಎಂಬ ಅವರ ಸೂತ್ರಕ್ಕೆ ಇನ್ನಷ್ಟು ಸಮಯ ಸಿಗಬೇಕಿತ್ತು.

ಕೊರತೆಗಳೂ ಇದ್ದವು. ಎರಡನೆಯ ದಿನ ಮಧ್ಯಾಹ್ನ ವಾಟ್ಸಾಪಿನಲ್ಲಿ ಹರಿದಾಡುವ ಪ್ರವಾದನೆಗಳ ಕುರಿತ ಪಾಠ ಅವಸರದಲ್ಲಿ ಸಾಗಿತು, ಕೊಟ್ಟ ಜೆರಾಕ್ಸ್ ಹಾಳೆಗಳ ಅಕ್ಷರ ವಯಸ್ಸಾದವರಿಗೆ ಕಾಣುವಂತಿರಲಿಲ್ಲ. ಇಂದಿನ ಯಾವ ಬೋಧಕರ ಹೆಸರನ್ನೂ ಎತ್ತುವುದಿಲ್ಲವೆಂಬ ನಿಯಮಕ್ಕೆ ಕೆಲವರು ಅಸಮಾಧಾನಪಟ್ಟರು. ನನಗಂತೂ ಅದು ಸರಿಯೆನಿಸಿತು, ಏಕೆಂದರೆ ಹೆಸರುಗಳ ಪಟ್ಟಿ ಕೈಗೆ ಬಂದಿದ್ದರೆ ನಾವು ಯೋಚಿಸುವುದನ್ನು ಬಿಟ್ಟು ಪಟ್ಟಿಯನ್ನೇ ನಂಬಿ ಮನೆಗೆ ಹೋಗುತ್ತಿದ್ದೆವು.

ಶಿಬಿರದ ಮೇಲೆ ನನಗೆ ಭರವಸೆ ಹುಟ್ಟಿದ್ದು ಒಂದು ಸಣ್ಣ ಘಟನೆಯಿಂದ. ಗುರುಗಳು ಮಾತಿನ ನಡುವೆ ಶಿಶು ಯೇಸುವನ್ನು ನೋಡಲು ಬೆತ್ಲೆಹೇಮಿಗೆ ಬಂದ ಮೂವರು ಜ್ಞಾನಿಗಳು ಎಂದಾಗ ಹಿಂದಿನ ಸಾಲಿನ ತಾಯಿಯೊಬ್ಬರು ಎದ್ದು, ಸುವಾರ್ತೆಯಲ್ಲಿ ಮತ್ತಾಯನು ಎಷ್ಟು ಜನವೆಂದು ಬರೆದಿಲ್ಲವಲ್ಲ ಫಾದರ್ ಎಂದರು. ಅವರು ಪುಸ್ತಕ ತೆರೆದು, ಎರಡನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿ, ಕಾಣಿಕೆಗಳು ಮೂರು ಬಗೆಯವು, ಜನರ ಲೆಕ್ಕ ಇಲ್ಲಿಲ್ಲ, ತಪ್ಪು ನನ್ನದೇ ಅಮ್ಮ ಎಂದು ಒಪ್ಪಿಕೊಂಡು ಮುಂದುವರಿದರು. ಪೌಲನ ಬೋಧನೆಯನ್ನೂ ಪ್ರತಿದಿನ ಶಾಸ್ತ್ರಗ್ರಂಥಗಳಲ್ಲಿ ಹುಡುಕಿ ನೋಡಿದ ಬೆರೋಯ ಪಟ್ಟಣದವರ ಪಾಠವನ್ನು ಅವರು ಹಿಂದಿನ ದಿನ ಮಾಡಿದ್ದರು. ಅದು ನನ್ನ ಮನಸ್ಸಿಗೆ ಹತ್ತಿದ್ದು ಈಗ.

ಊಟ, ವಸತಿ ಸೇರಿ ಏಳುನೂರು ರೂಪಾಯಿ ಶುಲ್ಕಕ್ಕೆ ರಸೀದಿ ಕೊಟ್ಟರು, ಕೊನೆಯಲ್ಲಿ ಕಾಣಿಕೆಯ ತಟ್ಟೆ ಬರಲಿಲ್ಲ. ಬೆಳಗಿನ ಅಕ್ಕಿರೊಟ್ಟಿ ಚೆನ್ನಾಗಿತ್ತು, ರಾತ್ರಿಯ ಹೊದಿಕೆ ಚಿಕ್ಕಮಗಳೂರಿನ ಚಳಿಗೆ ಸಾಲದು. ಹಾಸನದಲ್ಲಿಯೂ ತಿಂಗಳಿಗೊಂದು ಅಧ್ಯಯನ ಕೂಟ ನಡೆಸುತ್ತೇವೆಂದು ಹೇಳಿದ್ದರು, ಇನ್ನೂ ಶುರುವಾಗಿಲ್ಲ. ಮುಂದಿನ ಶಿಬಿರಕ್ಕೆ ಹೋಗುವವರು ದೊಡ್ಡಕ್ಷರದ ಸತ್ಯವೇದವನ್ನೂ ಒಂದು ಕಂಬಳಿಯನ್ನೂ ಮನೆಯಿಂದಲೇ ಒಯ್ಯಿರಿ.