ಹಳೆಯ ಹಣ, ಹೊಸ ಹಣ: ಬ್ಯಾಂಕಾಕಿನಲ್ಲಿ ನಾನು ತುಳಿದು ನೋಡಿದ ತೆರಿಗೆ ದಾರಿಗಳು

ಬ್ಯಾಂಕಾಕಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ನೂಲಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದೆ. ಮಗಳು ಇಲ್ಲೇ ಕೆಲಸದಲ್ಲಿರುವುದರಿಂದ ನಾನೂ ಹೆಂಡತಿಯೂ ನಿವೃತ್ತರ ವೀಸಾದ ಮೇಲೆ ಇಲ್ಲೇ ಉಳಿದೆವು. ಖರ್ಚಿಗೆ ಮೈಸೂರಿನ ಮನೆ ಮತ್ತು ಅದರ ಕೆಳಗಿನ ಎರಡು ಮಳಿಗೆಗಳ ಬಾಡಿಗೆ, ಜೊತೆಗೆ ಎನ್‌ಆರ್‌ಇ ಠೇವಣಿಯ (ಹೊರದೇಶದ ದುಡಿಮೆಯನ್ನು ಊರಿನ ಬ್ಯಾಂಕಿನಲ್ಲಿ ಇಡುವ ಅನಿವಾಸಿ ಖಾತೆ) ಬಡ್ಡಿ. 2023ರ ತನಕ ಈ ಹಣಕ್ಕೆ ಇಲ್ಲಿ ತೆರಿಗೆ ಕಟ್ಟುವ ಪ್ರಶ್ನೆ ಎದ್ದಿರಲಿಲ್ಲ. ಹೊರದೇಶದಲ್ಲಿ ಗಳಿಸಿದ್ದನ್ನು ಗಳಿಸಿದ ವರ್ಷವೇ ಥಾಯ್ಲೆಂಡಿಗೆ ತಂದರೆ ತೆರಿಗೆ, ವರ್ಷ ದಾಟಿಸಿ ತಂದರೆ ಇಲ್ಲ ಎಂಬುದು ಪದ್ಧತಿ. ಡಿಸೆಂಬರ್ ಕಳೆಯಲಿ ಎಂದು ಕಾಯುವುದಷ್ಟೇ ನಮ್ಮ ತೆರಿಗೆ ಯೋಜನೆಯಾಗಿತ್ತು.

2023ರ ಸೆಪ್ಟೆಂಬರ್ 15ರಂದು ಇಲ್ಲಿನ ಕಂದಾಯ ಇಲಾಖೆ ಹೊರಡಿಸಿದ 161ನೇ ಆದೇಶ ಆ ಬಾಗಿಲನ್ನು ಮುಚ್ಚಿತು. ವರ್ಷದಲ್ಲಿ 180 ದಿನ ಇಲ್ಲಿ ಇದ್ದವರು ಹೊರಗಿನ ಆದಾಯವನ್ನು ಯಾವ ವರ್ಷ ತಂದರೂ, ತಂದ ವರ್ಷ ತೆರಿಗೆ. 2024ರ ಜನವರಿ 1ರಿಂದ ಜಾರಿ. ಗದ್ದಲವೆದ್ದಾಗ ನವೆಂಬರ್ 20ರಂದು 162ನೇ ಆದೇಶ ಬಂತು: 2024ಕ್ಕೆ ಮೊದಲು ಗಳಿಸಿದ್ದಕ್ಕೆ ಇದು ಅನ್ವಯಿಸುವುದಿಲ್ಲ. ಎರಡೂ ಪುಟ್ಟ ಆದೇಶಗಳು. ಹಳೆಯ ಹಣ ಮತ್ತು ಹೊಸ ಹಣ ಒಂದೇ ಖಾತೆಯಲ್ಲಿ ಬೆರೆತಿದ್ದರೆ ಯಾವುದು ಮೊದಲು ಹೊರಬಂದಂತೆ ಎಂಬುದಕ್ಕೆ ಅವುಗಳಲ್ಲಿ ಒಂದು ಸಾಲೂ ಇಲ್ಲ. ಅಂದಹಾಗೆ, ಇಲಾಖೆಯ ಹೆಸರು ಥಾಯ್ ಬಾಯಲ್ಲಿ ‘ಸನ್‌ಪಾಕೋನ್’. ಬಿಡಿಸಿದರೆ ನಮ್ಮದೇ ‘ಸರ್ವ’ ಮತ್ತು ‘ಆಕರ’. ಎಲ್ಲ ಆಕರಗಳ ಮೇಲೂ ಕಣ್ಣಿಡುತ್ತೇವೆ ಎಂದು ಹೆಸರಿನಲ್ಲೇ ಹೇಳಿಕೊಂಡಿದ್ದಾರೆ.

ಮೊದಲು ಹೊಳೆದದ್ದು ಊರಿಗೆ ಹೋಗಿಬಿಡುವ ದಾರಿ. 179 ದಿನ ಇಲ್ಲಿ, ಉಳಿದದ್ದು ಮೈಸೂರಿನಲ್ಲಿ. 3,800 ಬಾತ್ ಕೊಟ್ಟು ಹಲವು ಬಾರಿ ಮರಳಿ ಬರುವ ಪರವಾನಗಿ ಮಾಡಿಸಿಕೊಂಡು 2024ರ ಯುಗಾದಿಗೆ ಹೊರಟೆವು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹೆಂಡತಿ ದಿನಕ್ಕೊಂದು ಗೀಟು ಎಳೆಯುತ್ತಿದ್ದಳು. ತೊಡಕು ಕಂಡದ್ದು ಊರಿನ ಆಡಿಟರ್ ಮುಂದೆ ಕುಳಿತಾಗ. ಭಾರತದಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ 182 ದಿನ ಕಳೆದರೆ ಅಲ್ಲಿನ ತೆರಿಗೆಗೆ ನಿವಾಸಿಯಾಗುತ್ತೇನೆ. ಇಲ್ಲಿ ಎಣಿಕೆ ಜನವರಿಯಿಂದ, ಅಲ್ಲಿ ಏಪ್ರಿಲ್‌ನಿಂದ. ಇತ್ತ ದರಿ, ಅತ್ತ ಪುಲಿ. ಎರಡು ಕ್ಯಾಲೆಂಡರ್‌ಗಳ ನಡುವೆ ನುಸುಳಲು ಸಂದಿಯೇನೋ ಇದೆ, ಆದರೆ ಪ್ರತಿವರ್ಷ ಪ್ರಯಾಣದ ದಿನಾಂಕವನ್ನು ಆಡಿಟರ್ ಬಳಿ ಕೇಳಿ ಗೊತ್ತುಮಾಡಬೇಕು. ಎಪ್ಪತ್ತನಾಲ್ಕನೇ ಗೀಟಿಗೆ ಮೊಮ್ಮಗಳಿಗೆ ಜ್ವರ ಎಂದು ಫೋನು ಬಂತು, ಮರುದಿನವೇ ವಿಮಾನ ಹತ್ತಿದೆವು. ಹಿಂದೆಮುಂದೆ ಯಾರೂ ಇಲ್ಲದ ಒಂಟಿ ಜೀವಕ್ಕೆ ಈ ದಾರಿ ಒಗ್ಗೀತು.

ಭಾರತದ ಕಾರ್ಡನ್ನೇ ಇಲ್ಲಿ ಉಜ್ಜಿಕೊಂಡಿರಿ, ಅದು ಹಣ ತಂದಂತಲ್ಲ ಎಂದು ಹೇಳುವವರು ಬಹಳ. ಎರಡು ತಿಂಗಳು ಮಾಡಿದೆ. ಎಟಿಎಮ್ಮಿನಿಂದ ಪ್ರತಿ ಸಲ ತೆಗೆದಾಗಲೂ ಇಲ್ಲಿನ ಬ್ಯಾಂಕಿಗೆ 220 ಬಾತ್ ಶುಲ್ಕ ಹೋಗುತ್ತಿತ್ತು, ಮೇಲೆ ವಿನಿಮಯದ ನಷ್ಟ. ಹೇಗೆ ತಂದರೂ ತಂದದ್ದು ತಂದದ್ದೇ ಅಲ್ಲವೇ ಎಂಬ ಅಳುಕು ಬೇರೆ. ದೇಶ ದೇಶಗಳ ನಡುವೆ ಬ್ಯಾಂಕ್ ಖಾತೆಗಳ ಮಾಹಿತಿ ವಿನಿಮಯಕ್ಕೆ ಥಾಯ್ಲೆಂಡ್ 2023ರಲ್ಲೇ ಸೇರಿದೆ. ಬಿಟ್ಟೆ.

ದೀರ್ಘಾವಧಿ ನಿವಾಸಿಗಳ ಹತ್ತು ವರ್ಷದ ವೀಸಾ, ಎಂದರೆ ಎಲ್‌ಟಿಆರ್, ಎಲ್ಲಕ್ಕಿಂತ ನೆಮ್ಮದಿಯದು. ಅದರ ಕೆಲವು ವರ್ಗದವರಿಗೆ 743ನೇ ರಾಜಾಜ್ಞೆ ಹೊರಗಿನ ಆದಾಯದ ಮೇಲೆ ವಿನಾಯಿತಿ ಕೊಟ್ಟಿದೆ. ನಮ್ಮ ಕಟ್ಟಡದಲ್ಲೇ ಇರುವ ಮಂಗಳೂರಿನ ಕಡೆಯ ಹಿರಿಯರೊಬ್ಬರು ಅದನ್ನು ಪಡೆದಿದ್ದಾರೆ. ತೆರಿಗೆಯ ಮಾತೆತ್ತಿದರೆ ಮುಗುಳ್ನಗುತ್ತಾರೆ. ಶುಲ್ಕ 50,000 ಬಾತ್ ದೊಡ್ಡದೇನಲ್ಲ. ಆದರೆ ಪಿಂಚಣಿದಾರರ ವರ್ಗಕ್ಕೆ ವರ್ಷಕ್ಕೆ 80,000 ಡಾಲರ್ ಆದಾಯ ಬೇಕು, ಅಥವಾ 40,000 ಡಾಲರ್ ಆದಾಯದ ಜೊತೆ ಇಲ್ಲಿ ಎರಡೂವರೆ ಲಕ್ಷ ಡಾಲರ್ ಹೂಡಿಕೆ. ನನ್ನ ಮಳಿಗೆಗಳಲ್ಲಿ ಒಂದು ದರ್ಜಿಯದು, ಇನ್ನೊಂದು ಝೆರಾಕ್ಸಿನದು. ಅರ್ಜಿಯ ಪುಟವನ್ನು ಅಲ್ಲಿಗೇ ಮುಚ್ಚಿದೆ.

ಉಳಿದದ್ದು ತೆರಿಗೆಯನ್ನು ಎದುರಿಸುವ ದಾರಿ. ಅದರಲ್ಲೂ ಎರಡು ಕವಲು: ಆಡಿಟರ್ ಮೂಲಕ ಅಥವಾ ನಾನೇ.

ಇಲ್ಲಿನ ಆಡಿಟರ್ ಒಬ್ಬರು ಸಮಾಲೋಚನೆಗೆಂದು ಮೂರು ಸಾವಿರ ಬಾತ್ ತೆಗೆದುಕೊಂಡು, ಎಲ್ಲ ಹಣವನ್ನೂ ಆದಾಯವೆಂದೇ ತೋರಿಸಿಬಿಡಿ, ಸುರಕ್ಷಿತ ಎಂದರು. ಅವರ ಸುರಕ್ಷತೆಗೆ ನನ್ನ ಹಣ! ಠೇವಣಿಯ ಅಸಲು ಎಲ್ಲಿಯದು ಎಂದು ಅವರು ಕೇಳಲೇ ಇಲ್ಲ. ಅದು ನಾನು ಇದೇ ದೇಶದಲ್ಲಿ ಸಂಬಳ ಪಡೆದು, ಇಲ್ಲೇ ತೆರಿಗೆ ಕಟ್ಟಿ, ತಿಂಗಳು ತಿಂಗಳು ಊರಿಗೆ ಕಳಿಸಿದ ಹಣ. ಮರಳಿ ಬಂದರೆ ಅದು ಹೊರದೇಶದ ಆದಾಯ ಹೇಗಾದೀತು? ಬಡ್ಡಿ ಮಾತ್ರ ಹೊಸತು.

ಹಾಗಾಗಿ ನಾನೇ ಹೊರಟೆ. ನಾನು ಹೋದ ಶಾಖೆಯಲ್ಲಿ ಮೊದಲ ದಿನ ಕೌಂಟರಿನ ಹುಡುಗಿ, ಕೆಲಸವಿಲ್ಲದವರು ಯಾಕೆ ರಿಟರ್ನ್ ಸಲ್ಲಿಸುತ್ತೀರಿ ಎಂದು ನಿಜವಾಗಿಯೂ ಕನಿಕರಪಟ್ಟಳು. ನನ್ನ ಹಳೆಯ ತೆರಿಗೆ ಸಂಖ್ಯೆ ಇನ್ನೂ ಜೀವಂತವಿದ್ದದ್ದು ಅದೃಷ್ಟ. ಎರಡನೇ ಸಲ ಮಗಳನ್ನು ಕರೆದುಕೊಂಡು ಹೋದೆ. ಒಳಗಿನ ಮೇಜಿನಲ್ಲಿದ್ದ ಹಿರಿಯ ಅಧಿಕಾರಿಣಿ ಕನ್ನಡಕ ಏರಿಸಿ, ಬಾಡಿಗೆಯ ಕರಾರುಪತ್ರ ನೋಡಿ, ಪೆನ್ಸಿಲಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ನಮೂನೆಯ ಹೆಸರು ‘ಫೊ. ಙೊ. ದೊ. 90’. ಒಂದನೇ ತರಗತಿಯಲ್ಲಿ ಉರುಹೊಡೆದ ‘ಙ’ ಅಕ್ಷರ ಬಿಡಿಯಾಗಿ ಕೆಲಸಕ್ಕೆ ಬಂದದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು.

ಲೆಕ್ಕ ಹೀಗಿತ್ತು. 2024ರಲ್ಲಿ ನಾನು ತಂದ ಬಾಡಿಗೆ 3,60,000 ಬಾತ್. ಕಟ್ಟಡದ ಬಾಡಿಗೆಗೆ ಶೇ 30 ಖರ್ಚೆಂದು ಕಳೆಯಬಹುದು: ಉಳಿದದ್ದು 2,52,000. ನನ್ನ ಹೆಸರಿನಲ್ಲಿ 60,000, ಆದಾಯವಿಲ್ಲದ ಹೆಂಡತಿಯ ಹೆಸರಿನಲ್ಲಿ 60,000 ಕಳೆದರೆ 1,32,000. ಮೊದಲ 1,50,000ಕ್ಕೆ ತೆರಿಗೆಯೇ ಇಲ್ಲ. ವರ್ಷವಿಡೀ ನಿದ್ದೆ ಕೆಡಿಸಿದ ತೆರಿಗೆ ಸೊನ್ನೆ! ಇದರ ಜೊತೆಗೆ ಎರಡು ಲಕ್ಷ ಬಾತ್ ಬಡ್ಡಿಯನ್ನೂ ತಂದಿದ್ದರೆ? ಬಡ್ಡಿಗೆ ಖರ್ಚಿನ ಕಡಿತವಿಲ್ಲ. 3,32,000ಕ್ಕೆ 10,700 ಬಾತ್ ಬೀಳುತ್ತಿತ್ತು. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಆದ್ದರಿಂದ ಅಲ್ಲಿ ಕಟ್ಟಿದ್ದನ್ನು ಇಲ್ಲಿ ವಜಾ ಮಾಡಿಸಿಕೊಳ್ಳುವ ಮಾತೂ ಇಲ್ಲ. ಬಾಡಿಗೆಯದು ಬೇರೆ ಕತೆ. ಬಾಡಿಗೆದಾರರು ಶೇ 31.2 ಟಿಡಿಎಸ್ ಹಿಡಿದೇ ಕೊಡುತ್ತಾರೆ, ಎರಡು ದೇಶಗಳ ಒಪ್ಪಂದದ ಪ್ರಕಾರ ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬಹುದು. ಆದರೆ ಭಾರತದ ದಾಖಲೆ ಏಪ್ರಿಲ್‌ನಿಂದ ಮಾರ್ಚಿನದು, ಇಲ್ಲಿಗೆ ಬೇಕಾದದ್ದು ಜನವರಿಯಿಂದ ಡಿಸೆಂಬರಿನದು. ತ್ರೈಮಾಸಿಕ ಟಿಡಿಎಸ್ ಪ್ರಮಾಣಪತ್ರಗಳನ್ನು ಮೈಸೂರಿನಿಂದ ತರಿಸಿ ಇಟ್ಟುಕೊಂಡಿದ್ದೇನೆ. ಈ ಸಲ ತೆರಿಗೆಯೇ ಸೊನ್ನೆಯಾದ್ದರಿಂದ ಆ ಯುದ್ಧ ತಪ್ಪಿತು.

ಹಾಗಾದರೆ ವರ್ಷದ ಉಳಿದ ಖರ್ಚು? ಅದಕ್ಕೆ ಹಳೆಯ ಹಣ. ನನ್ನ ಮಟ್ಟಿಗೆ ಗೆದ್ದದ್ದು ಈ ಜೋಡಿ: ಬಾಡಿಗೆಯನ್ನು ತೋರಿಸುವುದು, ಮಿಕ್ಕದ್ದಕ್ಕೆ 2024ಕ್ಕೆ ಹಿಂದಿನ ಉಳಿತಾಯವನ್ನು ತರುವುದು. ಇದಕ್ಕಾಗಿ ವೀಸಾದ ಕ್ರಮವನ್ನೇ ಬದಲಿಸಿಕೊಂಡೆ. ನಿವೃತ್ತರು ಪ್ರತಿ ತಿಂಗಳು 65,000 ಬಾತ್ ಆದಾಯ ತೋರಿಸಬೇಕು, ಇಲ್ಲವೇ ಇಲ್ಲಿನ ಬ್ಯಾಂಕಿನಲ್ಲಿ ಎಂಟು ಲಕ್ಷ ಬಾತ್ ಇಡಬೇಕು. ಮೊದಲ ಕ್ರಮದಲ್ಲಿ ವರ್ಷಕ್ಕೆ 7,80,000 ಬಾತ್ ತರಲೇಬೇಕು, ಬೇಕಿರಲಿ ಬಿಡಲಿ. ಹಳೆಯ ಠೇವಣಿಯಿಂದ ಎಂಟು ಲಕ್ಷವನ್ನು ಒಂದೇ ಸಲ ತಂದು ಇಟ್ಟೆ. ತಿಂಗಳ ಕಾಟ ನಿಂತಿತು.

ಈ ದಾರಿಯ ಪ್ರಾಣವೆಲ್ಲ ಕಾಗದದಲ್ಲಿದೆ. 2023ರ ಡಿಸೆಂಬರ್ 31ರಂದು ಪ್ರತಿ ಖಾತೆಯಲ್ಲಿ ಎಷ್ಟಿತ್ತು ಎಂಬುದಕ್ಕೆ ಬ್ಯಾಂಕಿನ ಮೊಹರು ಬಿದ್ದ ಹಾಳೆ, ಇಲ್ಲಿಂದ ಸಂಬಳ ಕಳಿಸಿದ ಹಳೆಯ ಚೀಟಿಗಳು. ನಾನು ಎಡವಿದ್ದೂ ಇಲ್ಲೇ. 2021ರ ಠೇವಣಿಯೊಂದು 2024ರ ಜೂನ್‌ನಲ್ಲಿ ಮಾಗಿತು. ಅಸಲು, ಬಡ್ಡಿ ಎರಡೂ ಒಟ್ಟಿಗೆ ಉಳಿತಾಯ ಖಾತೆಗೆ ಬಂದು ಬಿದ್ದವು. ಮೂರು ವರ್ಷದ ಬಡ್ಡಿಯಲ್ಲಿ ಹಳೆಯದೆಷ್ಟು, ಹೊಸದೆಷ್ಟು? ಕೌಂಟರಿನ ಹುಡುಗಿ ದಿನದ ಲೆಕ್ಕದಲ್ಲಿ ಭಾಗ ಮಾಡಿ ಎಂದಳು, ಒಳಗಿನ ಅಧಿಕಾರಿಣಿ ಕೈಗೆ ಬಂದ ವರ್ಷವೇ ಗಳಿಕೆಯ ವರ್ಷ ಎಂದರು. ಇಬ್ಬರೂ ಕಾಗದದಲ್ಲಿ ಬರೆದುಕೊಡಲಿಲ್ಲ. ಆ ಬಡ್ಡಿಯನ್ನು ಬೇರೆ ಖಾತೆಗೆ ದೂಡಿ, ಮುಟ್ಟದೆ ಬಿಟ್ಟಿದ್ದೇನೆ.

2025ರ ಮಾರ್ಚ್ 28ರಂದು ಭೂಕಂಪವಾಗಿ ನಮ್ಮ ಕಟ್ಟಡ ತೂಗಿದಾಗ ಹನ್ನೊಂದನೇ ಮಹಡಿಯಿಂದ ಮೆಟ್ಟಿಲಿಳಿದು ಓಡಿದೆವು. ಕೆಳಗೆ ಬಂದು ನೋಡಿದರೆ ಹೆಂಡತಿಯ ಕಂಕುಳಲ್ಲಿ ಪಾಸ್‌ಪೋರ್ಟುಗಳ ಜೊತೆ ತೆರಿಗೆಯ ಫೈಲು. ರಿಟರ್ನ್ ಸಲ್ಲಿಸಿ ಎರಡು ವಾರವಾಗಿತ್ತು ಎಂಬುದು ಬೇರೆ ಮಾತು.

ಗಳಿಸಿದ ವರ್ಷ ಅಥವಾ ಅದರ ಮುಂದಿನ ವರ್ಷ ತಂದ ಹಣಕ್ಕೆ ತೆರಿಗೆ ಬಿಡುವ ಪ್ರಸ್ತಾವ ಇದೆ ಎಂದು 2025ರಲ್ಲಿ ಪತ್ರಿಕೆಗಳಲ್ಲಿ ಬಂತು. ಮಂಗಳೂರಿನ ಹಿರಿಯರು ಕತ್ತರಿಸಿ ತಂದುಕೊಟ್ಟರು. ಪ್ರಸ್ತಾವವನ್ನು ನಂಬಿ ಹಣ ತರುವಷ್ಟು ಧೈರ್ಯ ನನಗಿಲ್ಲ. ನವೆಂಬರಿನಲ್ಲಿ ಇನ್ನೊಂದು ಠೇವಣಿ ಮಾಗುತ್ತದೆ. ಈ ಸಲ ಬಡ್ಡಿ ನೇರವಾಗಿ ಬೇರೆ ಖಾತೆಗೆ ಹೋಗುವಂತೆ ಮೊದಲೇ ಬರೆದುಕೊಟ್ಟಿದ್ದೇನೆ. ಹೆಂಡತಿ ಎರಡೂ ಪಾಸ್‌ಬುಕ್ಕುಗಳನ್ನು ಮುಂದಿಟ್ಟುಕೊಂಡು, “ರೀ, ಇದು ಹಳೆಯದೋ ಹೊಸದೋ?” ಎಂದು ಕೇಳಿ ಕೇಳಿ, ರಟ್ಟಿನ ಮೇಲೆ ಉಪ್ಪಿನಕಾಯಿ ಭರಣಿಗೆ ಅಂಟಿಸುವ ಚೀಟಿಯನ್ನೇ ಅಂಟಿಸಿ ಹೆಸರು ಬರೆದಿದ್ದಾಳೆ.