ಮೋಟಾರ್ ಯಾಕೆ ಸುಟ್ಟಿತು ಅಂತಲೂ ಹೇಳುವ ಕೋಲಾರದ ರಿವೈಂಡಿಂಗ್ ಅಂಗಡಿ

ಕೋಲಾರದಲ್ಲಿ ನೀರಿಗೆ ಬರ ಇರಬಹುದು, ಸುಟ್ಟ ಬೋರ್ ಮೋಟಾರಿಗೆ ಹೊಸ ತಂತಿ ಸುತ್ತಿ ರಿವೈಂಡಿಂಗ್ ಮಾಡುವವರಿಗಂತೂ ಇಲ್ಲ. ಆದರೆ ಸಾವಿರ ಅಡಿ ಆಳದಿಂದ ಮೋಟಾರ್ ಎತ್ತಿ ಇಳಿಸುವ ಖರ್ಚೇ ಜಾಸ್ತಿ ಅಲ್ವಾ, ಸುಮ್ನೆ ಕಾಯಿಲ್ ಕಟ್ಟಿ ಕಳಿಸಿದರೆ ಏನು ಬಂತು? ಬಂಗಾರಪೇಟೆ ರಸ್ತೆಯ ಈ ಪುಟ್ಟ ಅಂಗಡಿಯವರು ಯಾಕೆ ಸುಟ್ಟಿತು ಅಂತಲೂ ಹುಡುಕ್ತಾರೆ, ನನಗೆ ಹಿಡಿಸಿದ್ದು ಅದಕ್ಕೇ.

ಟೊಮೆಟೊ ತೋಟದ 7.5 ಎಚ್‌ಪಿ ಮೋಟಾರ್ ತಗೊಂಡು ಹೋಗಿದ್ದೆ. ಮೇಸ್ತ್ರಿ ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟು, "ಇಲ್ ನೋಡಣ್ಣ" ಅಂದರು. ಮೋಟಾರಿಗೆ ಕರೆಂಟ್ ಬರೋ ಮೂರು ಫೇಸ್ ಅಂದರೆ ಮೂರು ಲೈನಿನಲ್ಲಿ ಎರಡರ ಕಾಯಿಲ್ ಸುಟ್ಟು ಕರಕಲಾಗಿತ್ತು, ಮೂರನೆಯದಕ್ಕೆ ಏನೂ ಆಗಿರಲಿಲ್ಲ. "ಮೂರೂ ಒಂದೇ ಸಮ ಸುಟ್ಟಿದ್ರೆ ಓವರ್‌ಲೋಡೋ ಲೋ ವೋಲ್ಟೇಜೋ ಅನ್ನಬಹುದಿತ್ತು. ಇದು ಒಂದು ಫೇಸ್ ಹೋದಾಗಲೂ ಓಡಿರೋ ಮೋಟಾರು. ಸ್ಟಾರ್ಟರ್ ತಗೊಂಡ್ ಬನ್ನಿ."

ತಂದು ಬಿಚ್ಚಿದರೆ ಒಳಗೆ ಕರೆಂಟ್ ಜೋಡಿಸಿ ಕಡಿಯುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರಿನ ಒಂದು ಪಾಯಿಂಟ್ ಸವೆದು ಕಪ್ಪಾಗಿದೆ, ಫೇಸ್ ಹೋಗಿದ್ದು ಅಲ್ಲೇ. ಒಂದು ಫೇಸ್ ಹೋದರೆ ಉಳಿದೆರಡು ಜಾಸ್ತಿ ಕರೆಂಟ್ ಎಳೆಯುತ್ತವೆ, ಆಗ ಸ್ಟಾರ್ಟರಿನ ಓವರ್‌ಲೋಡ್ ರಿಲೇ ಟ್ರಿಪ್ ಆಗಿ ಮೋಟಾರ್ ನಿಲ್ಲಿಸಬೇಕು. ಆದರೆ ಹಿಂದೆ ಇನ್ನೊಂದು ಕಡೆ ರಿಪೇರಿ ಮಾಡಿದವರು, ಪದೇ ಪದೇ ಟ್ರಿಪ್ ಆಗುತ್ತೆ ಅಂತ, ರಿಲೇಯನ್ನು ಮೋಟಾರ್ ಪ್ಲೇಟ್ ಮೇಲಿರುವ ಆಂಪಿಯರ್‌ಗಿಂತ ಎಷ್ಟೋ ಮೇಲಕ್ಕೆ ತಿರುಗಿಸಿಟ್ಟಿದ್ದರು. ಕಾವಲುಗಾರನನ್ನು ಮಲಗಿಸಿ ಹೋದ ಹಾಗೆ. ಇವರು ಪಾಯಿಂಟ್ ಬದಲಿಸಿ, ರಿಲೇ ಸರಿಯಾಗಿ ಸೆಟ್ ಮಾಡಿಯೇ ಕೊಟ್ಟರು.

ವೈಂಡಿಂಗ್ ಮುಗಿದ ಮೇಲೆ ಮೋಟಾರನ್ನು ನೀರಿನ ತೊಟ್ಟಿಗೆ ಇಳಿಸಿ ಕರೆಂಟ್ ಲೀಕ್ ಆಗುತ್ತಾ ಅಂತ ನೋಡುವ ಮೆಗ್ಗರ್ ಮೀಟರ್ ಹಿಡಿದು ತೋರಿಸಿದರು, ಕೇಬಲ್ ಜಾಯಿಂಟನ್ನೂ ಬಿಡಲಿಲ್ಲ. ಪಂಪಿನ ಒತ್ತಡ ಹೊರುವ ಥ್ರಸ್ಟ್ ಬೇರಿಂಗ್ ಇನ್ನೂ ಚೆನ್ನಾಗಿದೆ, ಬದಲಿಸೋದು ಬೇಡ ಅಂತ ಅವರೇ ಹೇಳಿದರು. ಹೊಸದು ಹಾಕಿ ಬಿಲ್ ಬರೆಯಬಹುದಿತ್ತು! ಬೋರ್‌ಗೆ ಬಿಡೋ ಮುಂಚೆ ಮೋಟಾರ್ ಒಳಗೆ ಶುದ್ಧ ನೀರು ತುಂಬಿಸಿ, ಗಾಳಿ ಪೂರ್ತಿ ಹೋಗಲಿ ಅಂತ ಎರಡೆರಡು ಸಲ ಹೇಳಿದರು. ಬೇಸಿಗೆಯಲ್ಲಿ ನೀರು ಕೆಳಗೆ ಹೋಗಿ ಮೋಟಾರ್ ನೀರಿಲ್ಲದೆ ಓಡುತ್ತೆ (ಡ್ರೈ ರನ್), ಆಗ ತಾನೇ ಕಟ್ ಆಗುವ ಪ್ಯಾನೆಲ್ ಹಾಕಿಸಿ ಅಂದರು. ಅವರ ಹತ್ತಿರ ಅದು ಮಾರಾಟಕ್ಕಿಲ್ಲ, ಬೇರೆ ಕಡೆ ತಗೋಬೇಕು.

ಬೇಜಾರಿನ ವಿಷಯ ಅಂದರೆ ಟೈಮು. "ನಾಳೆ ಸಾಯಂಕಾಲ" ಅಂದರೆ ನಾಳಿದ್ದು ಅಂತಲೇ ತಿಳ್ಕೊಳ್ಳಿ, ಬೇಸಿಗೆಯಲ್ಲಂತೂ ಕೇಳಲೇಬೇಡಿ. ಬಿಲ್ ಅಂತ ಸಿಗೋದು ಒಂದು ಚೀಟಿ, ಗ್ಯಾರಂಟಿ ಅದರ ಹಿಂದೆ ಬರೆಸ್ಕೊಳ್ಳಿ. ರೇಟು ಬೇರೆಯವರಿಗಿಂತ ಸ್ವಲ್ಪ ಜಾಸ್ತಿ, ಆದರೂ ನಾನು ಇಲ್ಲಿಗೇ ಹೋಗೋದು. ನೀವು ಹೋದರೆ ಸ್ಟಾರ್ಟರ್ ಪೆಟ್ಟಿಗೆಯನ್ನೂ ಮೋಟಾರ್ ಜೊತೆಗೇ ತಗೊಂಡು ಹೋಗಿ, ಒಂದು ಓಡಾಟ ಉಳಿಯುತ್ತೆ.